ಒಂಟಿ ಜೀವಕ್ಕೊಂದು ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎರಡು ಕಷ್ಟಗಳನ್ನು ಒಂದೇ ಉಸಿರಿನಲ್ಲಿ ಹೇಳಿಟ್ಟರು. ಎರಡನೆಯದರ ಗೊಡವೆಗೆ ಹೋಗದ ನನ್ನಂಥವನಿಗೆ ಮೊದಲನೆಯದು ಸುಲಭವೆಂದು ಯಾರಾದರೂ ಎಣಿಸಿದರೆ ಅದು ತಪ್ಪು. ಬ್ಯಾಂಕಿನ ಗುಮಾಸ್ತನಾಗಿ ಲೋಣಾವಳಾಕ್ಕೆ ಬಂದ ವರ್ಷ, ಕೋಣೆ ಕೇಳಿದ ಕಡೆಯಲ್ಲೆಲ್ಲ ನನಗೆ ಎದುರಾದ ಮೊದಲ ಪ್ರಶ್ನೆ, “ಸಂಸಾರ ಎಲ್ಲಿ?” ಎಂಬುದು. ವಾರದ ಕೊನೆಗೆ ಗಾಳಿಸೇವನೆಗೆ ಬರುವವರಿಗೆ ಇಲ್ಲಿ ಬಂಗಲೆಗಳುಂಟು. ದಿನವೂ ಇಲ್ಲೇ ದುಡಿಯುವ ಒಬ್ಬನಿಗೆ ಪುಟ್ಟ ಮನೆ ಮಾತ್ರ ದುರ್ಲಭ. ಹಾಗಾದರೆ ನಮಗಿಂತ ಮೊದಲು ಊರು ಬಿಟ್ಟು ಬಂದವರು ಎಲ್ಲಿ ತಲೆಯೂರಿ ಮಲಗಿದರು?

ಬೋರ್‌ಘಾಟಿನ ರೈಲುದಾರಿ 1863ರಲ್ಲಿ ತೆರೆಯಿತು. ಮುಂದೆ ಹುಬ್ಬಳ್ಳಿ, ಬೆಳಗಾವಿಗಳಿಂದ ಹೊಟ್ಟೆಪಾಡಿಗೆ ಹೊರಟವರು ಪುಣೆಯಲ್ಲಿ ಗಾಡಿ ಬದಲಿಸಿ, ನಮ್ಮೀ ಊರನ್ನು ದಾಟಿ, ಘಟ್ಟ ಇಳಿದು ಮುಂಬಯಿ ಸೇರಿದರು. ಕಾರವಾರದ ಕಡೆಯವರು ಹಡಗೇರಿದರು. ಬಹುಪಾಲು ಎಲ್ಲರೂ ಒಂಟಿಯಾಗಿಯೇ ಬಂದವರು. ಹೋಟೆಲಿನ ಹುಡುಗರು ಬಾಗಿಲು ಹಾಕಿದ ಮೇಲೆ ಅಲ್ಲೇ ಮಲಗಿದರು. ಗಿರಣಿಯವರು ಒಂದೇ ಕೋಣೆಯನ್ನು ಹಲವರು ಹಂಚಿಕೊಂಡು, ಖಾನಾವಳಿಯಲ್ಲಿ ಉಂಡರು. ಗೋವೆಯವರು ಧೋಬಿತಲಾವಿನ ಸುತ್ತ ತಮ್ಮ ತಮ್ಮ ಹಳ್ಳಿಯ ಹೆಸರಿನಲ್ಲಿ ವಸತಿ ಕ್ಲಬ್ಬುಗಳನ್ನೇ ನಡೆಸಿದರು.

ಕಿಕ್ಕಿರಿದ ಕೋಣೆಗಳ ಬೆಲೆ ಏನೆಂಬುದನ್ನು 1896ರ ಪ್ಲೇಗು ತೋರಿಸಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. 1920ರ ದಶಕದಲ್ಲಿ ಸರಕಾರದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ ಮೊದಲಾದೆಡೆ 207 ಚಾಳುಗಳನ್ನು ಕಟ್ಟಿತು: ಸುಮಾರು 160 ಚದರ ಅಡಿಯ ಒಂದು ಕೋಣೆ, ಎಲ್ಲರಿಗೂ ಕೂಡಿ ಪಾಯಖಾನೆ. ಸೂರೇನೋ ಸಿಕ್ಕಿತು, ಮಾನವಾಗಿ ಬಾಳುವ ಮನೆ ಸಿಕ್ಕಿತೆನ್ನಲಾಗದು.

ಸರಕಾರದ ದಾರಿ ಇದಾದರೆ, ಇನ್ನೊಂದು ದಾರಿಯನ್ನು ತೋರಿದವರು ನಮ್ಮ ಕನ್ನಡ ಜಿಲ್ಲೆಯಿಂದ ಹೋದವರೇ ಎಂಬುದು ಅಭಿಮಾನದ ಸಂಗತಿ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ, ಅಲ್ಲಿಯ ಸಾರಸ್ವತ ತರುಣರು ಕಾರಕೂನಿಕೆಗಾಗಿ ಮುಂಬಯಿಗೆ ಹೋಗುವುದು ವಾಡಿಕೆಯಾಯಿತು. ಮನೆಮಾತು ಕೊಂಕಣಿಯಾದರೂ ಕನ್ನಡ ನೆಲದ ಮಕ್ಕಳು. ಅವರಲ್ಲಿ ರಾವಬಹಾದ್ದೂರ ಶ್ರೀಪಾದ ಸುಬ್ರಾವ ತಲ್ಮಕಿಯವರು ತಮ್ಮ ಗುರುಗಳಾದ ಶಾಮರಾವ ವಿಠ್ಠಲ ಕೈಕಿಣಿಯವರ ಹೆಸರಿನಲ್ಲಿ 1906ರಲ್ಲಿ ಸಹಕಾರಿ ಸಾಲದ ಸಂಘವನ್ನು ಸ್ಥಾಪಿಸಿದರು. ಅದೇ ಮುಂದೆ ಶಾಮರಾವ ವಿಠ್ಠಲ ಬ್ಯಾಂಕಾಯಿತು. 1904ರ ಕಾಯಿದೆ ಸಾಲದ ಸಂಘಗಳಿಗಷ್ಟೇ ಎಡೆಗೊಟ್ಟಿತ್ತು. 1912ರ ಕಾಯಿದೆ ಬೇರೆ ಉದ್ದೇಶದ ಸಂಘಗಳಿಗೂ ಬಾಗಿಲು ತೆರೆಯಿತು. ಆ ಬಲದಿಂದ 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಎದ್ದುನಿಂತಿತು. ಬೆಂಗಳೂರಿನಲ್ಲಿ 1909ರಲ್ಲೇ ಇಂಥ ಯತ್ನ ಆರಂಭವಾಗಿತ್ತು.

ಗಾಮದೇವಿಯ ಏರ್ಪಾಡು ಸರಳ. ಕಟ್ಟಡ ಸಂಘದ್ದು, ಸದಸ್ಯ ಪಾಲುಗಾರ. ಅವನು ಕೊಡುವ ಬಾಡಿಗೆ ಬೇರೊಬ್ಬ ಮಾಲಿಕನ ಜೇಬಿಗೆ ಹೋಗದೆ ತನ್ನದೇ ಸಂಘಕ್ಕೆ ಸಂದಿತು. ಒಬ್ಬನ ಸಂಬಳ ನೋಡಿ ಸಾಲ ಕೊಡಲು ಹಿಂಜರಿಯುವವರೂ ಹಲವರ ಜೊತೆಗೂಡಿದ ಹೊಣೆಯನ್ನು ನಂಬುತ್ತಾರೆ.

ಈ ಮಾತನ್ನು ನಾನು ಲೆಡ್ಜರಿನ ಹಿಂದೆ ಕುಳಿತು ದಿನವೂ ಕಾಣುತ್ತೇನೆ. ಒಂಟಿಗನಿಗೆ ಸಂಬಳ ಒಂದೇ, ಸಾಲಕ್ಕೆ ಜೊತೆಗಾರರಿಲ್ಲ. ಆದರೆ ಮನೆ ಕಿರಿದಾಯಿತೆಂದು ಬೆಲೆ ಅಷ್ಟೇ ಪ್ರಮಾಣದಲ್ಲಿ ಇಳಿಯದು. ಒಬ್ಬನಿಗೂ ಒಂದು ಒಲೆ, ಒಂದು ಬಚ್ಚಲು ಬೇಕೇ ಬೇಕು. ಸರಕಾರದ ಲೆಕ್ಕವೂ ಬಹುಕಾಲ ಸಂಸಾರದ ಲೆಕ್ಕವೇ. 2015ರ ಪ್ರಧಾನಮಂತ್ರಿ ಆವಾಸ ಯೋಜನೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳನ್ನು ಕುಟುಂಬವೆಂದಿತು. 2017ರಲ್ಲಿ ಮಧ್ಯಮ ಆದಾಯದವರಿಗಾಗಿ ಬಂದ ಅದರ ಬಡ್ಡಿ ಸಹಾಯಧನದ ನಿಯಮದಲ್ಲಿ, ಸ್ವಂತ ಪಕ್ಕಾ ಮನೆಯಿಲ್ಲದ ದುಡಿಯುವ ವಯಸ್ಕನು ಮದುವೆಯಾಗಿರಲಿ ಬಿಡಲಿ ಪ್ರತ್ಯೇಕ ಕುಟುಂಬವೆಂದು ಎಣಿಸಲು ಎಡೆಯಾಯಿತು. ಆ ಸಹಾಯಧನವೂ 2021ರ ಮಾರ್ಚಿಗೆ ಮುಗಿಯಿತು.

ಆದರೆ 1912ರ ಕಾಯಿದೆಯನ್ನು ನೋಡಿ: ಸಂಘ ಕಟ್ಟಲು ಅದು ಕೇಳಿದ್ದು ಹದಿನೆಂಟು ದಾಟಿದ ಹತ್ತು ಮಂದಿಯನ್ನು, ಮದುವೆಯ ಮಾತೆತ್ತಲಿಲ್ಲ. ಆದುದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಾಟಕ, ಸಂಗೀತಗಳ ಜೊತೆಗೆ, ಈ ಊರಿಗೆ ಹೊಸದಾಗಿ ಬರುವ ಒಂಟಿ ಕನ್ನಡಿಗ ಗಂಡಾಗಲಿ ಹೆಣ್ಣಾಗಲಿ, ಅವರಿಗಾಗಿ ಖಾಲಿ ಕೋಣೆಗಳ ಒಂದು ಪಟ್ಟಿಯನ್ನಿಡಿ. ಮಾಲಿಕರೆದುರು “ಇವರು ನಮ್ಮವರು” ಎಂದು ಒಂದು ಮಾತು ಹೇಳಿ. ಹಾಗೆ ಬಂದವರು ಹತ್ತು ಮಂದಿಯಾದ ದಿನ ಮುಂದಿನ ಹೆಜ್ಜೆಯ ಲೆಕ್ಕವನ್ನು ಬರೆದುಕೊಡಲು ನಾನು ಸಿದ್ಧ.