ಕುದಿಸಬ್ಯಾಡ್ರಿ ಲಿಂಬಿರಸ

ಇಂಡಿಯಿಂದ ಅಣ್ಣ ಒಂದು ಚೀಲ ಲಿಂಬಿಹಣ್ಣು ತಂದಿಟ್ಟಾನ. ರೇಟು ಬಿದ್ದೈತಿ, ಹರಿಯೋ ಕೂಲಿನೂ ಹುಟ್ಟೂದಿಲ್ಲಂತ. ಕೊಳಸೂದು ಯಾಕಂತ ಶರಬತ್ತಿಗೆ ಕೂತೆ. ಅವ್ವಂದು ಒಂದೇ ಮಾತಿತ್ತು: ಪಾಕ ಪೂರಾ ಆರಿದ ಮ್ಯಾಲೆ ರಸ ಹಾಕು. ಮದುವಿಯಾದ ಹೊಸದಾಗ ನಾ ಅವಸರಕ್ಕ ರಸಾನೂ ಕುದಿಸಿ, ಕಹಿ ಮಾಡಿ, ಎಲ್ಲಾ ಚೆಲ್ಲಿದಾಕಿ.

ದೊಡ್ಡ ದೊಡ್ಡವರೂ ಇಲ್ಲೇ ಎಡವ್ಯಾರ. ಹಡಗಿನಾಗ ತಿಂಗಳಗಟ್ಟಲೆ ಇರೋ ನಾವಿಕರಿಗೆ ಸ್ಕರ್ವಿ ಬಂದು ವಸಡಿನಾಗ ರಕ್ತ ಸೋರತಿತ್ತು. 1747ರಾಗ ಬ್ರಿಟಿಷ್ ನೌಕಾಪಡೆಯ ಡಾಕ್ಟರ ಜೇಮ್ಸ್ ಲಿಂಡ್, 12 ಮಂದಿ ರೋಗಿಗಳೊಳಗ ಇಬ್ಬರಿಗೆ ಕಿತ್ತಳಿ, ಲಿಂಬಿ ತಿನಿಸಿ ನೋಡಿದ. ಅವರೇ ಎಲ್ಲರಿಗಿಂತ ಲಗೂ ಚೇತರಿಸಿಕೊಂಡ್ರು. ಆದ್ರ ಹಣ್ಣು ಕೆಡದಂಗ ಇಡೂದು ಹೆಂಗ? ರಸ ಕಾಸಿ ಗಟ್ಟಿ ಮಾಡಿ ಸೀಸೆಯೊಳಗ ಇಡ್ರಿ ಅಂತ ಅಂವನೇ ಬರೆದ! ಕಾಸಿದ್ರಾಗ ಗುಣ ಬಹಳಷ್ಟು ಹೋತು. ವಿಟಮಿನ್ ಸಿ ಅನ್ನೋದು ಆಗ ಯಾರಿಗೆ ಗೊತ್ತಿತ್ತು?

ಮುಂದ ರಸ ಕೆಡಬಾರದಂತ ಸಾರಾಯಿ ಬೆರಸತಿದ್ರು. 1867ರಾಗ ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ ಸಾರಾಯಿ ಬಿಟ್ಟು, ಸಕ್ಕರಿ ಹಾಕಿ ಲಿಂಬಿರಸ ಇಡೋದಕ್ಕ ಪೇಟೆಂಟ್ ತಗೊಂಡ. ನಮ್ಮವ್ವಗ ಯಾರು ಪೇಟೆಂಟ್ ಕೊಡಬೇಕು, ಬಿಡ್ರಿ.

ಒಂದು ಬಟ್ಟಲ ರಸಕ್ಕ ಎರಡು ಬಟ್ಟಲ ಸಕ್ಕರಿ ಹಿಡದೀನಿ. ಪಾಕ ಆರಾಕ ಇಟ್ಟೀನಿ. ವೈನಿ, ಸಂಜಿಯೊಳಗ ಖಾಲಿ ಬಾಟಲಿ ಕಳಸ್ರಿ, ಒಳಗ ನೀರಿನ ಪಸೆ ಇರಬಾರದು ನೋಡ್ರಿ.