ಗವಿಯಲ್ಲಿ ಮುಗಿಯುವ ದಾರಿಗಳು: ಯಾಣ ಮತ್ತು ಕವಳಾ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಕರ್ನಾಟಕದಲ್ಲಿ ಹೆಸರಾದ ಚಾರಣದ ದಾರಿಗಳು ಹೆಚ್ಚಾಗಿ ಬೆಟ್ಟದ ನೆತ್ತಿಯಲ್ಲಿ ಮುಗಿಯುತ್ತವೆ. ಕೊಡಚಾದ್ರಿ (1,343 ಮೀಟರ್), ಕುಮಾರ ಪರ್ವತ (1,712 ಮೀಟರ್), ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಇವೆಲ್ಲ ಹಾಗೆಯೇ. ಧಾರವಾಡದಿಂದ ಘಟ್ಟದ ಕಡೆಗೆ ಹೊರಟು ಸುಣ್ಣದ ಕಲ್ಲಿನ ಬೆಟ್ಟಗಳನ್ನು ಸೇರುವ ದಾರಿಗಳ ಸ್ವಭಾವ ಬೇರೆ. ಕುಮಟಾ ತಾಲೂಕಿನ ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವಿದೆ, 90 ಮೀಟರಿನ ಮೋಹಿನಿ ಶಿಖರವಿದೆ. ಆದರೂ ಅಲ್ಲಿಗೆ ಹೋದವರು ನೆತ್ತಿ ಹತ್ತುವುದಿಲ್ಲ. ಬಂಡೆಯ ಬಿರುಕಿನೊಳಗೆ ಹೋಗುತ್ತಾರೆ. ದಾಂಡೇಲಿ ಕಾಡಿನ ಕವಳಾದಲ್ಲೂ ದಾರಿ ಮುಗಿಯುವುದು ನೆಲದೊಳಗಿನ ಗವಿಯಲ್ಲಿ.

ಇದಕ್ಕೆ ಭಕ್ತಿಯೊಂದೇ ಕಾರಣ ಎಂದರೆ ಅರ್ಧ ಉತ್ತರವಷ್ಟೇ ಸಿಕ್ಕಂತಾಗುತ್ತದೆ, ಏಕೆಂದರೆ ಕೊಡಚಾದ್ರಿ, ಮುಳ್ಳಯ್ಯನಗಿರಿಗಳೂ ಭಕ್ತಿಯ ತಾಣಗಳೇ. ಉಳಿದ ಅರ್ಧ ಕಲ್ಲಿನ ಗುಣದಲ್ಲಿದೆ. ಸುಣ್ಣದ ಕಲ್ಲು ಮಳೆನೀರಿಗೆ ಕರಗುತ್ತದೆ, ಕರಗಿದ್ದು ಮತ್ತೆ ಹೆಪ್ಪುಗಟ್ಟುತ್ತದೆ. ಈ ಎರಡು ಕ್ರಿಯೆಗಳು ಸೇರಿ ಇಲ್ಲಿ ನೆತ್ತಿಯನ್ನು ದುರ್ಗಮ ಮಾಡಿವೆ, ಒಳಗನ್ನು ತೆರೆದಿವೆ. ನಡೆಯುವವರ ದಾರಿ ಕಲ್ಲಿನ ಈ ಸ್ವಭಾವವನ್ನು ಅನುಸರಿಸಿದೆ ಎಂಬುದು ಈ ಟಿಪ್ಪಣಿಯ ವಾದ.

2. ಕಲ್ಲು

ಧಾರವಾಡದವರಿಗೆ ಸುಣ್ಣದ ಕಲ್ಲು ಅಪರಿಚಿತವಲ್ಲ. ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಫರಸಿ ಸುಣ್ಣದ ಕಲ್ಲೇ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಸೇಡಂ ಸುತ್ತ ಅದು ನೆಲಕ್ಕೆ ಸಮಾನಾಂತರವಾಗಿ ಪದರು ಪದರಾಗಿ ಮಲಗಿದೆ. ಆದ್ದರಿಂದಲೇ ಹಲಗೆಯಂತೆ ಏಳುತ್ತದೆ, ಸಿಮೆಂಟ್ ಕಾರ್ಖಾನೆಗಳಿಗೂ ಒದಗುತ್ತದೆ. ಬಾಗಲಕೋಟೆ, ಲೋಕಾಪುರದ ಕಡೆ ಕಲಾದಗಿ ಶಿಲಾವರ್ಗದ ಸುಣ್ಣದ ಕಲ್ಲೂ ಇದೆ. ಈ ಬಯಲುಸೀಮೆಯ ಸುಣ್ಣದ ಕಲ್ಲು ಎಲ್ಲಿಯೂ ಯಾಣದಂಥ ಶಿಖರವಾಗಿ ಎದ್ದು ನಿಂತಿಲ್ಲ.

ಘಟ್ಟದ ಕಲ್ಲು ಇವೆರಡಕ್ಕಿಂತ ಬಹಳ ಹಳೆಯದು. ದಕ್ಷಿಣ ಭಾರತದ ಈ ಪ್ರಾಚೀನ ಶಿಸ್ಟ್ ಶಿಲೆಗಳಿಗೆ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು ನಮ್ಮ ಊರಿನದೇ: ಧಾರವಾಡ ಶಿಲಾವರ್ಗ. 250 ಕೋಟಿ ವರ್ಷಗಳಿಗೂ ಹಿಂದಿನ ಈ ವರ್ಗದಲ್ಲಿ ಆಳವಿಲ್ಲದ ಸಮುದ್ರದ ತಳದಲ್ಲಿ ಕೂಡಿದ ಸುಣ್ಣದ ಕಲ್ಲೂ ಸೇರಿದೆ. ಚಿತ್ರದುರ್ಗ, ಶಿವಮೊಗ್ಗ ಭಾಗದ ಇದೇ ವರ್ಗದ ಸುಣ್ಣದ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರು ಕಟ್ಟಿ ಬಿಟ್ಟುಹೋದ ಸ್ಟ್ರೊಮ್ಯಾಟೊಲೈಟ್ ಗುರುತುಗಳು ಸಿಕ್ಕಿವೆ. ಮುಂದೆ ಭೂಚಲನೆಯಲ್ಲಿ ಈ ಪದರುಗಳು ಮಡಿಚಿಕೊಂಡವು, ಓರೆಯಾದವು, ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಹರಳುಗಟ್ಟಿದವು. ಯಾಣದ ಕಲ್ಲು ಹೀಗೆ ಹರಳುಗಟ್ಟಿದ ಸುಣ್ಣದ ಕಲ್ಲು. ಹೊರಮೈ ಕಪ್ಪಗಿರುವುದರಿಂದ ನೋಡಿದವರಿಗೆ ಅದು ಸುಣ್ಣವೆಂದು ಥಟ್ಟನೆ ಹೊಳೆಯುವುದಿಲ್ಲ.

ಇಟಲಿಯ ಡೊಲೊಮೈಟ್ ಪರ್ವತಗಳಲ್ಲಿ ಸುಣ್ಣಶಿಲೆಯೇ ಇಡೀ ಶ್ರೇಣಿಯ ಮೈಯಾಗಿದೆ. ಉತ್ತರ ಕನ್ನಡದಲ್ಲಿ ಹಾಗಿಲ್ಲ. ಬೇರೆ ಶಿಲೆಗಳ ನಡುವೆ ಅದು ಅಲ್ಲಲ್ಲಿ ತಲೆಯೆತ್ತುತ್ತದೆ. ಹೀಗಾಗಿ ಇಲ್ಲಿ ಸುಣ್ಣದ ಕಲ್ಲಿನ ಮೇಲೆಯೇ ದಿನಗಟ್ಟಲೆ ಸಾಗುವ ಚಾರಣವಿಲ್ಲ. ಜಂಬಿಟ್ಟಿಗೆ ಮಣ್ಣಿನ ಮೇಲೆ, ತೋಟ ಮತ್ತು ಕಾಡಿನ ನಡುವೆ ನಡೆದು ಕೊನೆಗೆ ಸುಣ್ಣದ ಕಲ್ಲನ್ನು ಮುಟ್ಟಬೇಕು.

3. ನೀರು

ಮಳೆನೀರು ಗಾಳಿಯಲ್ಲಿರುವ ಮತ್ತು ಕೊಳೆತ ಎಲೆಯ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿ ಕರಗಿಸುತ್ತದೆ. ಕೂದಲೆಳೆಯಷ್ಟು ಸಂದು ಸಿಕ್ಕರೂ ಸಾಕು, ಕಾಲಾಂತರದಲ್ಲಿ ಅದು ಬಿರುಕಾಗಿ, ಬಿರುಕು ಗವಿಯಾಗಿ ಅಗಲವಾಗುತ್ತದೆ. ವರ್ಷಕ್ಕೆ 700–800 ಮಿಲಿಮೀಟರ್ ಮಳೆ ಬೀಳುವ ಕಲಬುರಗಿಯ ಬಯಲಿಗೂ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಯಾಣದ ಕಾಡಿಗೂ ಇರುವ ಅಂತರ ಇಲ್ಲಿ ಮುಖ್ಯ. ಕಲ್ಲಿನ ಪದರು ಓರೆಯಾಗಿ ನಿಂತಿದ್ದರೆ, ಸುತ್ತ ದಟ್ಟ ಕಾಡಿದ್ದರೆ, ನೀರಿನ ಕೆಲಸಕ್ಕೆ ಇನ್ನಷ್ಟು ಬಲ ಬರುತ್ತದೆ. ಯಾಣದ ಬಂಡೆಗಳು ಮೇಲಿನಿಂದ ಕೆಳಗೆ ಸೀಳಿಕೊಂಡಂತೆ, ಅಂಚುಗಳು ಚೂಪಾಗಿ ನಿಂತಿರುವುದು ಇದರ ಫಲ.

ಕರಗಿದ ಸುಣ್ಣ ಎಲ್ಲವೂ ಹೊಳೆ ಸೇರುವುದಿಲ್ಲ. ಗವಿಯ ಚಾವಣಿಯಿಂದ ತೊಟ್ಟಿಕ್ಕುವಾಗ ನೀರು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಆಗ ಸುಣ್ಣ ಮತ್ತೆ ಕಲ್ಲಾಗಿ ಕೂಡುತ್ತದೆ. ಹನಿ ಬಿದ್ದಲ್ಲಿ ನೆಲದಿಂದ ಗುಂಡಗಿನ ಕಂಬವೊಂದು ಮೇಲೇಳುತ್ತದೆ. ಇಂಥ ಕಂಬ ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಬೆಳೆಯುತ್ತದೆ. ಆ ಲೆಕ್ಕದಲ್ಲಿ ಒಂದು ಮೀಟರ್ ಎತ್ತರಕ್ಕೆ 10,000 ವರ್ಷ ಬೇಕು. ಕವಳಾದ ಗವಿಯಲ್ಲಿ ಜನ ಕವಳೇಶ್ವರನೆಂದು ಪೂಜಿಸುವುದು ಹೀಗೆ ಹನಿಯಿಂದ ಮೂಡಿದ ಕಲ್ಲನ್ನು. ಯಾಣದಲ್ಲಿ ಭೈರವೇಶ್ವರ ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಎರಡೂ ಕಡೆ ಕೈಯಿಂದ ಕಡೆದ ಮೂರ್ತಿಗಿಂತ ಮೊದಲೇ ಕಲ್ಲು ಮತ್ತು ನೀರು ಸೇರಿ ಗರ್ಭಗುಡಿಯನ್ನೂ ಲಿಂಗವನ್ನೂ ಅಭಿಷೇಕವನ್ನೂ ಸಿದ್ಧಪಡಿಸಿದ್ದವು.

4. ದಾರಿ

ಯಾಣಕ್ಕೆ ಮೂರು ಕಡೆಯಿಂದ ದಾರಿಗಳಿವೆ. ಘಟ್ಟದ ಮೇಲಿನವರು ಶಿರಸಿಯಿಂದ ಹೆಗಡೆಕಟ್ಟಾ ಮಾರ್ಗವಾಗಿ ಬರುತ್ತಾರೆ. ಇದು ಸುಮಾರು 40 ಕಿಲೋಮೀಟರ್. ಕರಾವಳಿಯವರು ಕುಮಟಾದಿಂದ ಆನೆಗುಂಡಿಯ ಕಡೆಯಿಂದ ಹತ್ತುತ್ತಾರೆ. ಅಂಕೋಲಾದವರಿಗೆ ಅಚವೆ, ಮಾಬಗಿಯ ದಾರಿ. ಮಾಬಗಿಯ ಬಳಿಯ ವಿಭೂತಿ ಜಲಪಾತದಿಂದ ಯಾಣದವರೆಗೆ ಕಾಡಿನೊಳಗೆ ನಡೆಯುವ ಚಾರಣ ಇಂದಿಗೂ ಜನಪ್ರಿಯ. ಆ ಜಲಪಾತದ ಹೆಸರಿಗೆ ಕಾರಣವಾದ ಬಿಳುಪೂ ಸುಣ್ಣದ ಕಲ್ಲಿನದೇ ಎಂದು ಹೇಳುತ್ತಾರೆ. ಧಾರವಾಡದವರು ಕಲಘಟಗಿ, ಯಲ್ಲಾಪುರದ ಮಾರ್ಗವಾಗಿಯೋ ಮುಂಡಗೋಡ, ಶಿರಸಿಯ ಮಾರ್ಗವಾಗಿಯೋ ಹೋಗಿ ಈ ದಾರಿಗಳಲ್ಲೊಂದನ್ನು ಕೂಡಿಕೊಳ್ಳುತ್ತಾರೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರೂ ಬೇಡ್ತಿ–ಗಂಗಾವಳಿಯಾಗಿ ಯಾಣದ ಉತ್ತರಕ್ಕೆ ಹರಿದು ಕಡಲು ಸೇರುತ್ತದೆ.

ಈ ನಡಿಗೆ ಹಿಂದೆ ಎಷ್ಟು ಕಷ್ಟದ್ದಾಗಿತ್ತು ಎಂಬುದಕ್ಕೆ ಉತ್ತರ ಕನ್ನಡದ ಗಾದೆಯೇ ಸಾಕ್ಷಿ: ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ. ಗೋಕರ್ಣದಲ್ಲಿ ಪೂಜೆ, ದಕ್ಷಿಣೆಗಳಿಗೆ ಹಣ ಬೇಕು. ಯಾಣಕ್ಕೆ ಮೈಯಲ್ಲಿ ಕಸುವು ಬೇಕು. ಎರಡೂ ಊರುಗಳನ್ನು ಗಾದೆ ಒಟ್ಟಿಗೆ ಹೇಳಿದ್ದಕ್ಕೆ ಆಧಾರವಿದೆ. ಶಿವರಾತ್ರಿಯಲ್ಲಿ ಯಾಣಕ್ಕೆ ಬಂದವರು ಅಲ್ಲಿನ ತೀರ್ಥವನ್ನು ಗೋಕರ್ಣಕ್ಕೆ ಒಯ್ಯುವ ಪದ್ಧತಿಯಿದೆ. ನಡೆಯುವವರ ದಾರಿ ಗವಿಯಲ್ಲಿ ಮುಗಿದರೂ ಗವಿಯ ನೀರು ಕಡಲಿನ ಊರಿನವರೆಗೆ ಹೋಗುತ್ತದೆ.

1996ರಲ್ಲಿ ತೆರೆಕಂಡ ಸುನೀಲ್‌ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೆ’ ಯಾಣವನ್ನು ನಾಡಿಗೆಲ್ಲ ತೋರಿಸಿತು. ಈಗ ವಾಹನಗಳು ಬಂಡೆಯ ಸಮೀಪದವರೆಗೆ ಬರುತ್ತವೆ, ಉಳಿದ ದಾರಿಗೆ ಮೆಟ್ಟಿಲುಗಳಿವೆ. ನಡಿಗೆ ಇಷ್ಟು ಕಿರಿದಾದರೂ ಅದು ಮುಗಿಯುವ ಜಾಗ ಬದಲಾಗಿಲ್ಲ. ಇಂದಿನ ಪ್ರವಾಸಿಯೂ ಗುಡಿಯ ಪಕ್ಕದಿಂದ ಬಿರುಕಿನೊಳಗೆ ನುಗ್ಗಿ, ಬಂಡೆಯನ್ನು ಒಂದು ಸುತ್ತು ಹಾಕಿ ಹೊರಗೆ ಬರುತ್ತಾನೆ. ಪ್ರದಕ್ಷಿಣೆಯೇ ಇಲ್ಲಿ ಚಾರಣದ ಕೊನೆಯ ಘಟ್ಟ.

ಕವಳಾ ಧಾರವಾಡಕ್ಕೆ ಇನ್ನೂ ಹತ್ತಿರ. ಹಳಿಯಾಳದ ಮೇಲೆ ದಾಂಡೇಲಿಗೆ ಹೋಗಿ, ಅಲ್ಲಿಂದ ಫಣಸೋಲಿಯ ಕಡೆ ಸುಮಾರು 25 ಕಿಲೋಮೀಟರ್ ಕಾಡಿನ ದಾರಿ, ಬಳಿಕ ನೂರಾರು ಮೆಟ್ಟಿಲು. ಗವಿಯೊಳಗೆ ಬಾಗಿ, ಕೆಲವೆಡೆ ತೆವಳಿ ಸಾಗಬೇಕು. ಶಿವರಾತ್ರಿಗೆ ಇಲ್ಲಿ ಜನ ಸೇರುತ್ತಾರೆ. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಈ ಕಾಡಿನಲ್ಲಿ ಅರಣ್ಯ ಇಲಾಖೆಯ ನಿಯಮಕ್ಕೆ ಒಳಪಟ್ಟೇ ನಡೆಯಬೇಕು.

ಉಳವಿಯ ಯಾತ್ರೆಯನ್ನೂ ಇಲ್ಲಿ ನೆನೆಯಬೇಕು. ಕಲ್ಯಾಣ ಕ್ರಾಂತಿಯ ಬಳಿಕ ಚನ್ನಬಸವಣ್ಣನೂ ಶರಣರೂ ಧಾರವಾಡ ಸೀಮೆಯ ಮೂಲಕ ಉಳವಿಗೆ ಹೋದರೆಂದು ಪರಂಪರೆ ಹೇಳುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಈ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಅದೇ ಕಾಡಿಗೆ ಹೋಗುತ್ತ ಬಂದಿದ್ದಾರೆ. ಅಲ್ಲಿಯೂ ಭಕ್ತರು ಅರಸಿ ಹೋಗುವುದು ಆಕಳ ಗವಿ, ಮಹಾಮನೆ ಗವಿಗಳನ್ನು.

5. ಎರಡು ಆಕ್ಷೇಪಗಳು

ನೆತ್ತಿ ಕಡಿದಾಗಿದ್ದರಿಂದ ಜನ ಹತ್ತಲಿಲ್ಲ, ಅಷ್ಟೇ ಎಂದು ಒಬ್ಬರು ವಾದಿಸಬಹುದು. ಆದರೆ ಮಧುಗಿರಿ, ಸಾವನದುರ್ಗದ ಏಕಶಿಲೆಗಳು ಕಡಿದಾಗಿದ್ದರೂ ಅವುಗಳ ಮೇಲೆ ಕೋಟೆ ಕಟ್ಟಿದ್ದಾರೆ. ಗ್ರಾನೈಟ್ ಹೊರಪದರು ಕಳಚಿಕೊಂಡು ಗುಂಡಗಾಗುತ್ತದೆ, ಅದರ ಇಳಿಜಾರಿನಲ್ಲಿ ಮೆಟ್ಟಿಲು ಕಡೆಯಬಹುದು. ಯಾಣದ ಬಂಡೆ ನೆಟ್ಟಗೆ ಸೀಳಿಕೊಂಡಿದೆ, ಅದರ ಮೈಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಹಾಗಾಗಿ ಕಡಿದು ಎಂಬುದೂ ಕೊನೆಗೆ ಕಲ್ಲಿನ ಗುಣಕ್ಕೇ ಹಿಂತಿರುಗುತ್ತದೆ. ಈ ಭಾಗದಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವವರು ಬಾದಾಮಿಯ ಮರಳುಗಲ್ಲಿನ ಗೋಡೆಗಳಿಗೆ ಹೋಗುತ್ತಾರೆ. ಬಾದಾಮಿಯ ಹೆಸರಾದ ಗುಹೆಗಳನ್ನು ಮನುಷ್ಯ ಕಡೆದ, ಯಾಣದ ಗವಿಯನ್ನು ನೀರು ಕಡೆಯಿತು.

ಜಗತ್ತಿನ ಬೇರೆಡೆ ಸುಣ್ಣದ ಕಲ್ಲಿನ ಪರ್ವತಗಳಲ್ಲಿ ಜನ ಶಿಖರವನ್ನೇ ಹತ್ತುತ್ತಾರಲ್ಲ ಎಂಬುದು ಎರಡನೆಯ ಆಕ್ಷೇಪ. ನಿಜ. ಡೊಲೊಮೈಟ್ ಶ್ರೇಣಿಯ ಅತಿ ಎತ್ತರದ ಮಾರ್ಮೊಲಾಡಾ (3,343 ಮೀಟರ್) ಸುಣ್ಣದ ಕಲ್ಲಿನದೇ. ಅದರ ತುದಿಯನ್ನು ಪಾಲ್ ಗ್ರೋಮನ್ 1864ರಲ್ಲಿ ಮುಟ್ಟಿದ. ಆದರೆ ಶಿಖರಕ್ಕಾಗಿಯೇ ಶಿಖರ ಹತ್ತುವ ಆ ಹವ್ಯಾಸ 19ನೆಯ ಶತಮಾನದ ಯುರೋಪಿನಲ್ಲಿ ಬಲಿತದ್ದು. ಯಾತ್ರಿಕರು ತುಳಿದ ದಾರಿಗಳನ್ನು ಹೋಲಿಸಿದರೆ ಚಿತ್ರ ಬೇರೆ. ಕಾಶ್ಮೀರದ ಅಮರನಾಥದಲ್ಲಿ 3,888 ಮೀಟರ್ ಎತ್ತರದವರೆಗೆ ನಡೆದವರು ಗುಹೆಯಲ್ಲಿ ಹನಿಯಿಂದ ಹೆಪ್ಪುಗಟ್ಟಿದ ಹಿಮಲಿಂಗವನ್ನು ಕಾಣುತ್ತಾರೆ. ಆಂಧ್ರದ ಅನಂತಗಿರಿ ಬೆಟ್ಟಗಳ ಬೊರ್ರಾ ಗುಹೆಯಲ್ಲಿ ಸುಣ್ಣದ ಹನಿಯೇ ಲಿಂಗವಾಗಿದೆ. ಈ ಸಾಲಿನಲ್ಲಿ ಯಾಣ, ಕವಳಾ ಸಹಜವಾಗಿ ನಿಲ್ಲುತ್ತವೆ.

6. ಫಲಿತ

ಈ ವಾದ ಸರಿಯಾದರೆ ಚಾರಣದ ಶಿಸ್ತಿಗೂ ಅದರಿಂದ ದಾರಿ ಸಿಗುತ್ತದೆ. ಗ್ರಾನೈಟ್ ಬೆಟ್ಟಕ್ಕೆ ಹೊಂದುವ ನಡವಳಿಕೆ ಸುಣ್ಣದ ಕಲ್ಲಿಗೆ ಹೊಂದುವುದಿಲ್ಲ. ಬೆಳೆಯುತ್ತಿರುವ ಕಂಬವನ್ನು ಬರಿಗೈಯಿಂದ ಸವರಿದರೆ ಚರ್ಮದ ಜಿಡ್ಡು ಅಂಟಿ ಹೊಸ ಸುಣ್ಣ ಕೂಡುವುದು ತಪ್ಪುತ್ತದೆ. ಮುರಿದ ತುಂಡು ನಮ್ಮ ಎಷ್ಟೋ ತಲೆಮಾರುಗಳಲ್ಲಿ ಮರಳಿ ಬೆಳೆಯದು. ಬಂಡೆಯ ನೆತ್ತಿಯ ಕಾಡು ಬೋಳಾದರೆ ಕೆಳಗಿನ ಹನಿಯೂ ಬದಲಾಗುತ್ತದೆ, ಏಕೆಂದರೆ ಕಲ್ಲು ಕರಗಿಸುವ ಆಮ್ಲದ ದೊಡ್ಡ ಪಾಲು ಬರುವುದು ಆ ಕಾಡಿನ ಮಣ್ಣಿನಿಂದ. ಗವಿಯನ್ನು ಕಾಯಬೇಕೆಂದರೆ ಅದರ ಮೇಲಿನ ಮರಗಳನ್ನೂ ಕಾಯಬೇಕು. ಬಂಡೆಗೆ ಮೊಳೆ ಹೊಡೆಯದೆ, ನೆತ್ತಿಯನ್ನು ಹೆಜ್ಜೇನಿಗೂ ಕಾಡಿಗೂ ಬಿಟ್ಟು, ಸುತ್ತು ಹಾಕಿ ಹಿಂತಿರುಗುವ ಹಿರಿಯರ ಪದ್ಧತಿ ವಿಜ್ಞಾನದ ಕಣ್ಣಿನಿಂದಲೂ ಸರಿಯಾದ ಪದ್ಧತಿ.

ಮುಂದಿನ ಕೆಲಸ ನಕ್ಷೆಯದು. ಚಾರಣದ ನಕ್ಷೆಗಳು ಸಾಮಾನ್ಯವಾಗಿ ಎತ್ತರವನ್ನೂ ದೂರವನ್ನೂ ಗುರುತಿಸುತ್ತವೆ. ಸುಣ್ಣದ ಕಲ್ಲಿನ ಸೀಮೆಗೆ ಬೇಕಾದದ್ದು ಗವಿಯ ಬಾಯಿ, ಹನಿ ಬೀಳುವ ಜಾಗ, ಮಳೆಗಾಲದಲ್ಲಿ ನೀರು ನುಗ್ಗುವ ಬಿರುಕು, ಜಾತ್ರೆಯ ಕಾಲ, ಚಕ್ಕಡಿಯ ಹಳೆಯ ಜಾಡು ಇವೆಲ್ಲ ಒಂದೇ ಹಾಳೆಯಲ್ಲಿರುವ ನಕ್ಷೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವೂ ಕನ್ನಡ ಅಧ್ಯಯನ ಪೀಠವೂ ಒಂದೇ ಆವರಣದಲ್ಲಿವೆ. ಕಲ್ಲನ್ನು ಓದುವವರು ಮತ್ತು ಗಾದೆಯನ್ನು ಓದುವವರು ಜತೆಯಾಗಿ ಹೊರಟರೆ ಇಂಥ ನಕ್ಷೆಯನ್ನು ಧಾರವಾಡದಲ್ಲೇ ಸಿದ್ಧಪಡಿಸಬಹುದು. ಶಿಲಾವರ್ಗಕ್ಕೆ ಹೆಸರು ಕೊಟ್ಟ ಊರು ಈ ಕೆಲಸವನ್ನು ತನ್ನದೆಂದು ಕೈಗೆತ್ತಿಕೊಳ್ಳಬೇಕು.