ಜವುಗು ಮಣ್ಣಿನ ಕಿಣ್ವದ ಜಾಡು ಹಿಡಿದು

ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್‌ಲಿಯೋಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿ 1944ರ ಫೆಬ್ರವರಿಯಲ್ಲಿ ಪ್ರಕಟಿಸಿದ ಪ್ರಬಂಧ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆನುವಂಶಿಕ ಗುಣವನ್ನು ಹೊತ್ತೊಯ್ಯುವುದು ಡಿಎನ್‌ಎ ಎಂಬುದಕ್ಕೆ ಸಾಕ್ಷಿ ಒದಗಿಸಿದ ಪ್ರಬಂಧ ಅದು. ದೆಹಲಿಯ ಅನ್ಸಾರಿ ನಗರದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದಲ್ಲಿ ಕೂತು ಅದನ್ನು ಓದುತ್ತಿದ್ದಾಗ ವಿಧಾನದ ಪುಟದಲ್ಲೇ ನಾನು ನಿಂತುಬಿಟ್ಟೆ.

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾವನ್ನು ಎಪ್ಪತ್ತೈದು ಲೀಟರ್‌ಗಳಷ್ಟು ಬೆಳೆಸಿದರೆ ಕೈಗೆ ಸಿಗುತ್ತಿದ್ದ, ಗುಣ ದಾಟಿಸುವ ಶುದ್ಧ ವಸ್ತು 10ರಿಂದ 25 ಮಿಲಿಗ್ರಾಂ ಮಾತ್ರ. ಕ್ಲೋರೋಫಾರ್ಮ್ ಹಾಕಿ ಕುಲುಕಿ ಪ್ರೋಟೀನು ತೆಗೆಯುತ್ತಿದ್ದರು. ಆಮೇಲೆ ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನು ಸೇರಿಸುತ್ತಿದ್ದರು. ಅದು ಮೂರನೇ ಬಗೆಯ ನ್ಯುಮೋಕಾಕಸ್‌ನ ಲೋಳೆ ಕವಚದ ಪಾಲಿಸ್ಯಾಕರೈಡನ್ನು ಒಡೆಯುತ್ತಿತ್ತು. ಆ ಲೋಳೆಯ ವಿರುದ್ಧದ ಪ್ರತಿಸೀರಮ್ ಜೊತೆ ಬೆರೆಸಿದಾಗ ಗಷ್ಟು ಕಟ್ಟದಿದ್ದರೆ ಲೋಳೆ ಹೋಯಿತೆಂದು ಲೆಕ್ಕ.

ಈ ಹಂತದ ತೂಕ ದೊಡ್ಡದು. ಪ್ರಯೋಗದಲ್ಲಿ ಈ ಸಾರ ಸೇರಿಸಿದಾಗ ಕವಚವಿಲ್ಲದ ಬ್ಯಾಕ್ಟೀರಿಯಾ ಮೂರನೇ ಬಗೆಯ ಕವಚ ತೊಡುತ್ತಿತ್ತು. ಸಾರದಲ್ಲಿ ಉಳಿದ ಲೋಳೆಯೇ ಆ ಗುಣವನ್ನು ದಾಟಿಸಿರಬಹುದಲ್ಲ ಎಂದು ಯಾರಾದರೂ ಕೇಳಿದ್ದರೆ? ಲೋಳೆಯನ್ನು ಒಡೆದು ತೆಗೆದ ಮೇಲೂ ಗುಣ ದಾಟಿತು ಎಂದು ಏವರಿ ತಂಡದವರು ಹೇಳಬಲ್ಲವರಾಗಿದ್ದರು. ಪಠ್ಯಪುಸ್ತಕಗಳು ಈ ಕಿಣ್ವದ ಹೆಸರನ್ನು ಬಿಟ್ಟುಬಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಅದು ಬಂದದ್ದೆಲ್ಲಿಂದ? ಹಿಂದಕ್ಕೆ ಹೋದರೆ 1930ರ ಆಗಸ್ಟ್‌ನ 'ಸೈನ್ಸ್' ಪತ್ರಿಕೆಯ ಒಂದು ಪುಟ್ಟ ವರದಿ, ಅದರಿಂದ ಮುಂದಕ್ಕೆ 1931ರ ದೀರ್ಘ ಪ್ರಬಂಧಗಳು. ಏವರಿ ಜೊತೆಗಿದ್ದ ಹೆಸರು ರೆನೆ ದ್ಯುಬೋ. ಇವರು ವೈದ್ಯರಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಓದಿದವರು. ಹೀಗಾಗಿ ನನ್ನ ಹುಡುಕಾಟ ವೈದ್ಯಕೀಯದಿಂದ ಕೃಷಿಯ ಕಡೆಗೆ ಹೊರಳಿತು. ನಾನು ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಗ್ರಂಥಾಲಯದ ದಾರಿ ಹಿಡಿದೆ. (ಬಿಹಾರದ ಪೂಸಾದಲ್ಲಿದ್ದ ಈ ಸಂಸ್ಥೆ 1934ರ ಭೂಕಂಪದ ನಂತರ 1936ರಲ್ಲಿ ದೆಹಲಿಗೆ ಬಂತು, ಊರಿನ ಹೆಸರನ್ನೂ ಜೊತೆಗೇ ತಂದಿತು.) ದ್ಯುಬೋ 1927ರಲ್ಲಿ ರಟ್ಗರ್ಸ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಸೆಲ್ಯುಲೋಸನ್ನು ಕೊಳೆಸುವ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ. ಎಲೆ, ಕಡ್ಡಿ, ಹುಲ್ಲು ಮಣ್ಣಾಗುವಾಗ ಒಂದೊಂದು ವಸ್ತುವಿಗೂ ಅದನ್ನು ತಿನ್ನುವ ಜೀವಿಯಿರುತ್ತದೆ ಎಂಬುದು ಅವರಿಗೆ ಪಾಠವಾಗಿತ್ತು. ಲೋಳೆ ಕವಚವೂ ಸಕ್ಕರೆಗಳ ಸರಪಳಿಯೇ. ಅದನ್ನು ತಿನ್ನುವುದೂ ಮಣ್ಣಿನಲ್ಲಿ ಇರಲೇಬೇಕು.

ಅವರು ಮಾಡಿದ್ದು ನೇರವಾದ ಕೆಲಸ. ನಾನಾ ಕಡೆಯ ಮಣ್ಣಿನಲ್ಲಿದ್ದ ಜೀವಿಗಳಿಗೆ ಶುದ್ಧ ಲೋಳೆಯೊಂದನ್ನೇ ಆಹಾರವಾಗಿ ಕೊಟ್ಟರು. ತಿನ್ನಬಲ್ಲದ್ದು ಉಳಿಯಿತು, ಮಿಕ್ಕದ್ದು ಸತ್ತಿತು. ಗೆದ್ದದ್ದು ನ್ಯೂಜೆರ್ಸಿಯ ಕ್ರ್ಯಾನ್ಬೆರಿ ಬೆಳೆಯುವ ಜವುಗು ನೆಲದ ಬ್ಯಾಸಿಲಸ್ ಒಂದು. ಬೇರೆ ಸುಲಭದ ಆಹಾರ ಸಿಕ್ಕರೆ ಅದು ಈ ಕಿಣ್ವವನ್ನು ತಯಾರಿಸುವುದಿಲ್ಲ. ಮೊದಲ ಮತ್ತು ಎರಡನೇ ಬಗೆಯ ನ್ಯುಮೋಕಾಕಸ್‌ನ ಲೋಳೆಯನ್ನು ಮುಟ್ಟುವುದೂ ಇಲ್ಲ.

ಸೋಂಕು ತಗುಲಿಸಿದ ಇಲಿಗಳಿಗೆ ಕಿಣ್ವ ಕೊಟ್ಟರೆ ಅವು ಬದುಕಿದವು. ಕಿಣ್ವ ರೋಗಾಣುವನ್ನು ಕೊಲ್ಲುವುದಿಲ್ಲ. ಲೋಳೆ ಕಳಚುತ್ತದೆ, ಬಯಲಾದ ರೋಗಾಣುವನ್ನು ಬಿಳಿ ರಕ್ತಕಣಗಳು ನುಂಗುತ್ತವೆ. ಮೊಲಗಳು ಮತ್ತು ಕೋತಿಗಳ ಮೇಲೂ ಪ್ರಯೋಗ ನಡೆಯಿತು. ಅಷ್ಟರಲ್ಲಿ ಸಲ್ಫಾ ಔಷಧಗಳು ಬಂದವು, ಕಿಣ್ವ ಮನುಷ್ಯರ ಔಷಧವಾಗಲಿಲ್ಲ. ದ್ಯುಬೋ ಮಾತ್ರ ಅದೇ ಹಾದಿಯಲ್ಲಿ ನಡೆದು 1939ರಲ್ಲಿ ಮಣ್ಣಿನ ಇನ್ನೊಂದು ಬ್ಯಾಸಿಲಸ್‌ನಿಂದ ಗ್ರ್ಯಾಮಿಸಿಡಿನ್ ಎಂಬ ಪ್ರತಿಜೀವಕವನ್ನು ಕಂಡುಹಿಡಿದರು.

ಇದು ಹಳೆಯ ಕಡತದ ಕತೆಯೆಂದು ಬಿಡುವ ಹಾಗಿಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೋಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿತು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯಲ್ಲಿ ತಯಾರಾಗುವ ನ್ಯುಮೋಸಿಲ್ ಎಂಬ ಲಸಿಕೆ 10 ಬಗೆಗಳ ಲೋಳೆಯನ್ನು ಒಳಗೊಂಡಿದೆ. ಮೂರನೇ ಬಗೆ ಅದರಲ್ಲಿಲ್ಲ. ಭಾರತದ ಮಕ್ಕಳಲ್ಲಿ 14, 1, 5, 19ಎಫ್ ಬಗೆಗಳೇ ಹೆಚ್ಚೆಂದು 18 ಕೇಂದ್ರಗಳ ಅಧ್ಯಯನವೊಂದು 2017ರಲ್ಲಿ ವರದಿ ಮಾಡಿತ್ತು. ಆ ನಾಲ್ಕೂ ನ್ಯುಮೋಸಿಲ್‌ನಲ್ಲಿವೆ, ಹಾಗಾಗಿ ಆಯ್ಕೆ ಸರಿಯೆಂದೇ ನನ್ನ ತಿಳಿವಳಿಕೆ. ಮೂರನೇ ಬಗೆಯನ್ನು ಸೇರಿಸಿಕೊಂಡ ವಿದೇಶಿ ಲಸಿಕೆಗಳೂ ಅದರ ವಿರುದ್ಧ ಅಷ್ಟಾಗಿ ಗೆದ್ದಿಲ್ಲ. ಅದರ ಲೋಳೆ ಕೋಶಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಸುತ್ತಲೂ ಉದುರುತ್ತದೆ. ಉದುರಿದ ಲೋಳೆ ನಮ್ಮ ಪ್ರತಿಕಾಯಗಳನ್ನು ಹಿಡಿದುಬಿಡುತ್ತದೆ.

ಆ ಕಾರಣಕ್ಕೇ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡ ಹಳೆಯ ಕಿಣ್ವವನ್ನು ಮತ್ತೆ ಹುಡುಕಿತು. ಸೂಕ್ಷ್ಮಜೀವಿ ಸಂಗ್ರಹದಲ್ಲಿ ಉಳಿದಿದ್ದ ಪೀನಿಬ್ಯಾಸಿಲಸ್ ತಳಿಯೊಂದರಲ್ಲಿ ಈ ಲೋಳೆಯನ್ನೇ ಒಡೆಯುವ ಕಿಣ್ವದ ಜೀನನ್ನು ಗುರುತಿಸಿ 2018ರಲ್ಲಿ ಪ್ರಕಟಿಸಿತು. ಈಗ ಕಿಣ್ವವನ್ನು ಬೇಕಾದಷ್ಟು ಶುದ್ಧವಾಗಿ ತಯಾರಿಸಬಹುದು. ಇಲಿಗಳ ಮೇಲಿನ ಪ್ರಯೋಗವನ್ನೂ ಅದೇ ವರ್ಷ ಪ್ರಕಟಿಸಿದರು. ಕವಚ ಕಳಚಿದ ಮೂರನೇ ಬಗೆಯ ರೋಗಾಣುವನ್ನು ಇಲಿಯ ದೇಹವೇ ತೆಗೆದುಹಾಕಿತು.